ಷಫಲ್ ಒತ್ತುವ ಮುನ್ನ: ಮಂಡ್ಯದ ಯುವ ಬರಹಗಾರನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ,

ನೀನು ಕಳಿಸಿದ ಲೇಖನ ಓದಿದೆ. ಊರಿನಲ್ಲಿ ಗಲಾಟೆ, ಮೊಬೈಲ್ ತೆಗೆದರೆ ಬೈಗುಳ. ಅಂಥ ದಿನಗಳಲ್ಲಿ ಫೋನನ್ನು ಷಫಲ್‌ಗೆ ಹಾಕಿ, ಯಾವ ಹಾಡು ಬಂದರೆ ಅದನ್ನೇ ಕೇಳುತ್ತೇನೆ, ಕಿವಿ ಅಗಲವಾಗುತ್ತದೆ ಎಂದು ಬರೆದಿದ್ದೀಯ. ಒಳ್ಳೆಯ ವಿಷಯ, ಕೈಬಿಡಬೇಡ. ಆದರೆ ಲೇಖನದಲ್ಲಿ ಬರುವ ಹಾಡುಗಳೆಲ್ಲ ಹೆಚ್ಚುಕಡಿಮೆ ಈಚಿನ ಸಿನಿಮಾ ಹಾಡುಗಳೇ. ಷಫಲ್ ಹೊಸದಾಗಿ ಏನನ್ನೂ ತರುವುದಿಲ್ಲ, ಇದ್ದದ್ದನ್ನು ಕಲಸುತ್ತದೆ ಅಷ್ಟೆ. ಸಂಗ್ರಹ ಎಷ್ಟು ಅಗಲವೋ ಆಕಸ್ಮಿಕವೂ ಅಷ್ಟೇ ಅಗಲ.

ಲೆಕ್ಕ ಹಾಕಿ ನೋಡು. ಫೋನಿನಲ್ಲಿ 860 ಹಾಡುಗಳಿವೆ ಎಂದುಕೊ: 800 ಸಿನಿಮಾದವು, 40 ವಚನ ಮತ್ತು ತತ್ವಪದ, 20 ಕಂಸಾಳೆ. ಷಫಲ್ ಒತ್ತಿದರೆ ನೂರಕ್ಕೆ 93 ಸಲ ಸಿನಿಮಾ ಹಾಡೇ ಬರುತ್ತದೆ. ಕಂಸಾಳೆಯ ಸರದಿ ನೂರರಲ್ಲಿ ಎರಡು ಮೂರು ಸಲ ಮಾತ್ರ. ಇದಕ್ಕೆ ಸುಲಭದ ಪರಿಹಾರ ಎರಡು ಹಂತದ ಆಯ್ಕೆ. ಆರು ಫೋಲ್ಡರ್ ಮಾಡು. ಜನಪದ ಕಾವ್ಯಕ್ಕೊಂದು, ವಚನ, ದಾಸರ ಪದ, ತತ್ವಪದಕ್ಕೊಂದು, ಕರ್ನಾಟಕ ಮತ್ತು ಹಿಂದೂಸ್ತಾನಿಗೊಂದು, ಸಿನಿಮಾ ಮತ್ತು ಸುಗಮ ಸಂಗೀತಕ್ಕೊಂದು, ನೆರೆಭಾಷೆಗಳಿಗೊಂದು, ಹೊರದೇಶಕ್ಕೊಂದು. ಮೊದಲು ದಾಳ ಉರುಳಿಸು, ಬಿದ್ದ ಸಂಖ್ಯೆಯ ಫೋಲ್ಡರಿನೊಳಗೆ ಮಾತ್ರ ಷಫಲ್ ಒತ್ತು. ಈಗ ಆರಕ್ಕೂ ಸಮಪಾಲು. ಪ್ರತಿ ಫೋಲ್ಡರಿಗೆ ಕನಿಷ್ಠ 30 ಹಾಡು ಇರಲಿ, ಇಲ್ಲದಿದ್ದರೆ ಬಂದದ್ದೇ ಬರುತ್ತದೆ. ಒಟ್ಟು 180 ಹಾಡು, ಸರಾಸರಿ 8 ನಿಮಿಷದಂತೆ, 128 ಕೆಬಿಪಿಎಸ್ ಎಂಪಿ3 ಆದರೆ ಒಂದೂವರೆ ಜಿಬಿ ಸಾಕು. ಕಡತಗಳು ಫೋನಿನೊಳಗೇ ಇರಲಿ. ಬಂದ್ ದಿನ ನೆಟ್ ಕೈಕೊಟ್ಟರೂ ಕೇಳುವುದು ನಿಲ್ಲುವುದಿಲ್ಲ.

ಯಂತ್ರ ಏನು ಮಾಡುತ್ತದೆ ಎನ್ನುವುದೂ ಗೊತ್ತಿರಲಿ. ಪಟ್ಟಿಯನ್ನು ಪಕ್ಷಪಾತವಿಲ್ಲದೆ ಕಲಸುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ 1938ರಲ್ಲಿ ಬರೆದಿಟ್ಟರು. ಸರಿಯಾಗಿ ಕಲಸಿದ ಪಟ್ಟಿಯಲ್ಲೂ ಗುಂಪುಗಳು ಬರುತ್ತವೆ. ಐದು ಗಾಯಕರ ತಲಾ 20 ಹಾಡುಗಳನ್ನು ಕಲಸಿದರೆ, ಸರಾಸರಿ 19 ಕಡೆ ಒಬ್ಬರದೇ ಹಾಡಿನ ಬೆನ್ನಿಗೆ ಅವರದೇ ಇನ್ನೊಂದು ಬೀಳುತ್ತದೆ. ಕೇಳುವವರಿಗೆ ಇದು ಮೋಸ ಅನ್ನಿಸುತ್ತದೆ. ಅದಕ್ಕೇ ಸ್ಪಾಟಿಫೈ 2014ರಲ್ಲಿ ತನ್ನ ಷಫಲನ್ನು ಬದಲಿಸಿ, ಒಬ್ಬ ಕಲಾವಿದರ ಹಾಡುಗಳು ದೂರದೂರ ಬೀಳುವಂತೆ ಮಾಡಿತು. ಕೆಲವು ಅಗ್ಗದ ಪ್ಲೇಯರುಗಳು ಕಲಸುವುದೇ ಇಲ್ಲ, ಪ್ರತಿ ಸಲವೂ ಇಡೀ ಪಟ್ಟಿಯಿಂದ ಒಂದನ್ನು ಎತ್ತುತ್ತವೆ. ಅಂಥದರಲ್ಲಿ 100 ಹಾಡಿನ ಪಟ್ಟಿಯಿಂದ 100 ಹಾಡು ಕೇಳಿ ಮುಗಿಸಿದಾಗಲೂ ಸುಮಾರು 37 ಹಾಡು ಒಮ್ಮೆಯೂ ಬಂದಿರುವುದಿಲ್ಲ. ಇವೆಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಸ್ಮಾರ್ಟ್ ಷಫಲ್’ ಎಂಬ ಗುಂಡಿಯ ಬಗ್ಗೆ. ನೀನು ಕೇಳಿದ್ದನ್ನು ಹೋಲುವ ಹಾಡುಗಳನ್ನು ಅದು ನಡುನಡುವೆ ಸೇರಿಸುತ್ತದೆ. ಸಿಟ್ಟಿನ ದಿನ ಸಿಟ್ಟಿನ ಹಾಡು ಕೇಳಿದರೆ ಇನ್ನಷ್ಟು ಸಿಟ್ಟನ್ನೇ ತಂದುಕೊಡುತ್ತದೆ. ಆಫ್ ಮಾಡಿಡು.

ಇನ್ನು ಏನು ತುಂಬಿಸಬೇಕು ಎಂಬುದು. ಮನೆಯ ಹತ್ತಿರದಿಂದಲೇ ಶುರುಮಾಡು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯಿಡೀ ಹಾಡುತ್ತಾರೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕಾವ್ಯ ‘ಸಾಲು’ ಎಂಬ ಅಧ್ಯಾಯಗಳಾಗಿ ಸಾಗುತ್ತದೆ. ಒಂದು ಸಾಲನ್ನು ಐದು ನಿಮಿಷದ ತುಂಡುಗಳಾಗಿ ಕತ್ತರಿಸಬೇಡ. ಕತೆ ಒಂದು ತಿರುವು ಮುಗಿಸುವಲ್ಲಿ ಕತ್ತರಿಸು, 25 ನಿಮಿಷವಾದರೂ ಆಗಲಿ. ಇಂಥ ಧ್ವನಿಮುದ್ರಣಗಳಲ್ಲಿ ಕಲಾವಿದರ ಹೆಸರಿನ ಜಾಗದಲ್ಲಿ ಬರೀ ‘ಜಾನಪದ’ ಎಂದಿರುತ್ತದೆ. ಹಾಡಿದವರು ಯಾರು, ಯಾವ ಊರು ಎಂದು ವಿಚಾರಿಸಿ ನೀನೇ ತುಂಬು. ಬರೆಯುವವನು ಮಾಡಲೇಬೇಕಾದ ಕೆಲಸ ಇದು. ಆಮೇಲೆ ಶಿಶುನಾಳ ಷರೀಫರ ಪದ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ, ಮೈಸೂರು ಬಾನಿಯ ವೀಣೆ.

ನೆರೆಭಾಷೆಯ ಫೋಲ್ಡರಿನಲ್ಲಿ ತಮಿಳು ಇರಲೇಬೇಕು. ಮಂಡ್ಯದವನಿಗೆ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ 15,000 ಕ್ಯುಸೆಕ್ ನೀರು ಬಿಡಬೇಕೆಂಬ ಆದೇಶ ಬಂದಾಗಿನ ಸಿಟ್ಟು ನಿನ್ನ ಊರಿಗೆ ಗೊತ್ತು. ರೈತನ ಆ ಸಿಟ್ಟಿಗೆ ಕಾರಣವಿದೆ. ಕಾವೇರಿ ಗಲಾಟೆ ಬಂದಾಗೆಲ್ಲ ತಮಿಳು ಸಿನಿಮಾಗಳ ಪ್ರದರ್ಶನ ನಿಲ್ಲುತ್ತದೆ. ಆದರೆ ‘ತಮಿಳು’ ಎಂಬ ಒಂದೇ ಗುರುತು ಹಿಡಿದು ಅಳಿಸುತ್ತ ಹೋದರೆ ಏನೆಲ್ಲ ಹೋಗುತ್ತದೆ ನೋಡು. ಪಿಟೀಲು ಚೌಡಯ್ಯನವರು ಹುಟ್ಟಿದ್ದು ಅದೇ ಕಾವೇರಿಯ ದಡದ ತಿರುಮಕೂಡಲಿನಲ್ಲಿ. ಪಿಟೀಲಿಗೆ ಏಳು ತಂತಿ ಕಟ್ಟಿ ನಾದ ಹೆಚ್ಚಿಸಿದವರು. 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟದ್ದು ಮದರಾಸು. ಅಲ್ಲಿನ ಕಛೇರಿಗಳಲ್ಲಿ ಅವರು ನುಡಿಸಿದ ಪಕ್ಕವಾದ್ಯವೂ ನಿನ್ನ ಸಂಗ್ರಹದಿಂದ ಮಾಯವಾಗುತ್ತದೆ.

ಹೊರದೇಶದ ಫೋಲ್ಡರಿಗೂ ಮೈಸೂರಿನಿಂದಲೇ ದಾರಿಯಿದೆ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ಜಯಚಾಮರಾಜೇಂದ್ರ ಒಡೆಯರೇ, 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೈಸೂರು ಚಲೋ ಚಳವಳಿ ನಡೆದು, ಸಂಸ್ಥಾನದ ಅಧಿಕಾರ ಕೈಬದಲಾಗುತ್ತಿದ್ದ ಕಾಲ ಅದು. ಮೆಟ್ನರ್ ಪಕ್ಕದಲ್ಲಿ, 1973ರಲ್ಲಿ ಚಿಲಿಯ ಸೈನಿಕ ದಂಗೆಯಲ್ಲಿ ಕೊಲೆಯಾದ ಹಾಡುಗಾರ ವಿಕ್ಟರ್ ಹಾರಾ, 1967ರಲ್ಲಿ ಗ್ರೀಸಿನ ಸೇನಾಡಳಿತ ಯಾರ ಸಂಗೀತವನ್ನು ನಿಷೇಧಿಸಿತೋ ಆ ಸಂಯೋಜಕ ಥಿಯೊಡೊರಾಕಿಸ್ ಇಬ್ಬರನ್ನೂ ಇಡು.

ನೀನು ತುಂಬಿಸದಿದ್ದರೆ ಇನ್ಯಾರೋ ತುಂಬಿಸುತ್ತಾರೆ, ರೇಡಿಯೊದಲ್ಲಿ ಆದದ್ದೂ ಅದೇ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಶುರುಮಾಡಿದ್ದು ನಿನಗೆ ಗೊತ್ತಿರುವುದೇ. ದೇಶದ ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಒಳಗೆ ಬಿಡಲಿಲ್ಲ. 1952ರಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಬಿತ್ತು, ಕೇಳುಗರು ರೇಡಿಯೊ ಸಿಲೋನಿನ ಕಡೆ ಹೊರಳಿದರು, 1957ರಲ್ಲಿ ವಿವಿಧ ಭಾರತಿ ಬರಬೇಕಾಯಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಕಿಶೋರ್ ಕುಮಾರ್ ಹಾಡುಗಳನ್ನು ರೇಡಿಯೊದಿಂದ ತೆಗೆದರು. ಸಿನಿಮಾ ಹಾಡನ್ನು ನಾನು ಕೀಳೆನ್ನುತ್ತಿಲ್ಲ, ತಿಳಿಯಿತಲ್ಲ.

ಕೆಡುವುದು ಎಲ್ಲೆಲ್ಲಿ ಎಂದು ಹೇಳುತ್ತೇನೆ. ಶಾಸ್ತ್ರೀಯ ಕಛೇರಿಗಳ ಸಿಡಿಗಳಲ್ಲಿ ಆಲಾಪನೆ, ಕೃತಿ, ತನಿ ಆವರ್ತನ (ಮೃದಂಗದಂಥ ತಾಳವಾದ್ಯದವರ ಸರದಿ) ಬೇರೆಬೇರೆ ಕಡತಗಳಾಗಿರುವುದುಂಟು. ಷಫಲ್ ಅವನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಆಲಾಪನೆಯಿಲ್ಲದ ತನಿ ತಲೆಬುಡವಿಲ್ಲದೆ ಕೇಳುತ್ತದೆ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಮೂರನ್ನೂ ಸಾಲಾಗಿ ಜೋಡಿಸಿ ಒಂದೇ ಕಡತ ಮಾಡು. ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಮೊದಲನ್ನು ಹಾಯಿಸುವ ಕ್ರಾಸ್‌ಫೇಡ್ ಸೊನ್ನೆಗಿಡು, ಇಲ್ಲವಾದರೆ ವೀಣೆಯ ಕೊನೆಯ ಮೀಟಿನ ಮೇಲೆ ಡ್ರಮ್ ಬಂದು ಕೂರುತ್ತದೆ. ವಾಲ್ಯೂಮ್ ಸಮಗೊಳಿಸುವ ಆಯ್ಕೆಯನ್ನು ಹಾಕು. ಈಚಿನ ಸಿನಿಮಾ ಹಾಡುಗಳು ಗಟ್ಟಿಯಾಗಿ ಮುದ್ರಣವಾಗಿರುತ್ತವೆ, ಹಳೆಯ ವೀಣೆ ಮೆಲ್ಲಗೆ. ಗಟ್ಟಿಯಾದದ್ದೇ ಚೆನ್ನಾಗಿದೆ ಎಂದು ಕಿವಿ ತಪ್ಪು ತಿಳಿಯುತ್ತದೆ.

ಕೇಳುವಾಗ ಪರದೆ ಕೆಳಮುಖವಾಗಿರಲಿ. ಮೂರು ನಿಮಿಷ ತುಂಬುವವರೆಗೆ ಹಾಡು ದಾಟಿಸಬೇಡ. ಹಿಂದೂಸ್ತಾನಿಯ ನಿಧಾನಗತಿಯ ವಿಲಂಬಿತ ಖ್ಯಾಲ್ ಮೂರು ನಿಮಿಷದಲ್ಲಿ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಹೆಸರು ನೋಡುವ ಮೊದಲೇ ಮೂರು ಸಂಗತಿ ಗುರುತು ಹಾಕು: ಯಾವ ವಾದ್ಯ, ಲಯ ಎಲ್ಲಿ ಬೀಳುತ್ತದೆ, ಕಿವಿಗೆ ಸಿಕ್ಕ ಒಂದು ಮಾತು. ಹಾಡಿದವರ ಜಾತಿ, ಮತ, ಭಾಷೆ ಗೊತ್ತಾಗುವ ಮುಂಚೆ ಬರೆದ ಆ ಮೂರು ಸಾಲುಗಳೇ ನಿನ್ನ ನಿಜವಾದ ಸರಕು. ದಿನಕ್ಕೆ ಆರು ಹಾಡು ಸಾಕು.

ಲೇಖನದ ಬಗ್ಗೆ ಒಂದು ಮಾತು ಖಾರವಾಗಿಯೇ ಹೇಳಬೇಕು. ಗಲಭೆಯ ಸುದ್ದಿ ಓದಿದ ಮರುಕ್ಷಣ ಷರೀಫರ ಪದ ಬಂತು, ‘ಫೋನಿಗೂ ಗೊತ್ತಿತ್ತೇನೋ’ ಎಂದು ಬರೆದಿದ್ದೀಯ. ಹೊಡೆದುಹಾಕು. ಫೋನಿಗೆ ಏನೂ ಗೊತ್ತಿಲ್ಲ. ಅದೇ ಗಳಿಗೆಯಲ್ಲಿ ಐಟಂ ಹಾಡೂ ಬರಬಹುದಿತ್ತು, ಬಂದಿದ್ದರೆ ನೀನು ಬರೆಯುತ್ತಿರಲಿಲ್ಲ. ಹಾಡು ಬಂದದ್ದು ಆಕಸ್ಮಿಕ ಎಂದೇ ಬರೆ. ಅದು ಕಿವಿಗೆ ಬಿದ್ದ ಮೇಲೆ ಸುದ್ದಿಯನ್ನು ಎರಡನೆಯ ಸಲ ಹೇಗೆ ಓದಿದೆ ಎಂಬುದನ್ನು ಬರೆ. ಸಂಗೀತ ಎಲ್ಲರನ್ನೂ ಒಂದು ಮಾಡುತ್ತದೆ ಎಂಬ ಸಾಲನ್ನೂ ತೆಗೆ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಲಭೆಯಾದದ್ದು ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ. ತಮಟೆ ಮದುವೆಗೂ ಬಡಿಯುತ್ತದೆ, ಕೆಣಕುವುದಕ್ಕೂ ಬಡಿಯುತ್ತದೆ. ಎಲ್ಲಿ, ಯಾರ ಮನೆ ಮುಂದೆ, ಎಷ್ಟು ಹೊತ್ತು ಬಡಿದರು ಎಂಬುದನ್ನು ನೋಡಿ ಬರೆಯುವವನೇ ಬೇಕಾಗಿರುವುದು.

ಪ್ರತಿ ತಿಂಗಳು ಒಂದೊಂದು ಫೋಲ್ಡರಿನಿಂದ ಐದು ಹಾಡು ತೆಗೆದು ಬೇರೆ ಐದು ಹಾಕು. ತೆಗೆದವನ್ನು ಅಳಿಸದೆ ಬೇರೆ ಕಡೆ ಇಡು. ಎರಡನೆಯ ಕರಡಿನ ಜೊತೆಗೆ ನಿನ್ನ ಆರು ಫೋಲ್ಡರುಗಳ ಪಟ್ಟಿಯನ್ನೂ ಕಳಿಸು, ನೀಲಗಾರರ ಊರು ಹೆಸರುಗಳ ಸಮೇತ. ಅವನ್ನು ಓದಿಯೇ ಕರಡಿಗೆ ಕೈಹಾಕುತ್ತೇನೆ.

ನಿನ್ನ ಹಿತೈಷಿ
ಮೈಸೂರು