ಚೆಲ್ಸಿ ಜೆರ್ಸಿಯ ಬೆನ್ನಿನ ಹೆಸರು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಬೆಂಗಳೂರು, 20 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ,

ಮೊದಲು ವಿಷಯ ಹೇಳಿಬಿಡುತ್ತೇವೆ. ಈ ಸೀಸನ್‌ನಿಂದ ನಮ್ಮ ಅಂಗಡಿಯಲ್ಲಿ ಆಟಗಾರರ ಹೆಸರು ಮೊದಲೇ ಹಾಕಿಟ್ಟ ಚೆಲ್ಸಿ (ಲಂಡನ್ನಿನ ಫುಟ್‌ಬಾಲ್ ಕ್ಲಬ್) ಜೆರ್ಸಿ ಸಿಗುವುದಿಲ್ಲ. ಬೆನ್ನು ಖಾಲಿ ಇರುವ ಜೆರ್ಸಿ ಮಾತ್ರ ಇಡುತ್ತೇವೆ. ಹೆಸರು, ನಂಬರ್ ಬೇಕಾದರೆ ನೀವು ಹೇಳಿದ ಮೇಲೆ, ನಿಮ್ಮೆದುರಿಗೇ ಪ್ರಿಂಟ್ ಹಾಕಿಕೊಡುತ್ತೇವೆ. ಆ ಆಟಗಾರ ಒಂದು ವರ್ಷದೊಳಗೆ ಕ್ಲಬ್ ಬಿಟ್ಟರೆ, ಇಲ್ಲವೇ ಅವನ ನಂಬರ್ ಬದಲಾದರೆ, ಒಂದು ಸಲ ಹಳೇ ಹೆಸರು ತೆಗೆದು ಬೇರೆಯದು ಹಾಕುವ ಖರ್ಚು ನಮ್ಮದು. ಇದಕ್ಕಾಗಿ ಚೆಲ್ಸಿ ಪ್ರಿಂಟಿಂಗ್ ದರವನ್ನು 350 ರೂಪಾಯಿಯಿಂದ 400ಕ್ಕೆ ಏರಿಸಿದ್ದೇವೆ.

ಬೇರೆ ಕ್ಲಬ್‌ಗಳಿಗೆ ಇಲ್ಲದ ನಿಯಮ ಚೆಲ್ಸಿಗೆ ಮಾತ್ರ ಯಾಕೆ ಅಂತ ತುಂಬಾ ಜನ ಕೇಳಿದ್ದೀರಿ. ಕೌಂಟರ್ ಮುಂದೆ ನಿಂತು ಎರಡು ಮಾತಿನಲ್ಲಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇವೆ.

ನಾವು ಮೂವರೂ ಪಾಲುದಾರರು ಚೆಲ್ಸಿ ಅಭಿಮಾನಿಗಳು ಅಂತ ನಿಮಗೆ ಗೊತ್ತೇ ಇದೆ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್, ಅದರ 2012ರ ಮ್ಯೂನಿಕ್ ಫೈನಲ್ ದಿನ ಮಧ್ಯರಾತ್ರಿ ದಾಟಿದ ಮೇಲೆ, ಒಂದು ಸಣ್ಣ ಟಿವಿ ಮುಂದೆ ಹನ್ನೊಂದು ಜನ ಒತ್ತಿಕೊಂಡು ಕೂತಿದ್ದೆವು. 88ನೇ ನಿಮಿಷದಲ್ಲಿ ನಮ್ಮ ಸ್ಟ್ರೈಕರ್ ಡ್ರೋಗ್ಬಾ ತಲೆಯಿಂದ ಹೊಡೆದ ಗೋಲು ನೋಡಿ ನಾವು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಲೈಟ್ ಹಾಕಿ ಹೊರಗೆ ಬಂದಿದ್ದರು. ಆ ವರ್ಷ ಹಾಕಿದ ಡ್ರೋಗ್ಬಾ 11 ಜೆರ್ಸಿಗಳಲ್ಲಿ ಕೆಲವು ಈಗಲೂ ಭಾನುವಾರದ ಆಟಕ್ಕೆ ಬರುತ್ತವೆ. ಅಕ್ಷರ ಬಿರುಕು ಬಿಟ್ಟಿದೆ, ನೀಲಿ ಬಣ್ಣ ಮಾಸಿದೆ. ಆದರೂ ಆ ಹೆಸರು ತೆಗೆಸಲು ಒಬ್ಬರೂ ಬಂದಿಲ್ಲ.

ಹೆಸರು ತೆಗೆಸುವವರು ಬರತೊಡಗಿದ್ದು 2022ರ ನಂತರ.

ಆ ವರ್ಷದ ಮೇ ಕೊನೆಯಲ್ಲಿ ರಷ್ಯಾದ ಮಾಲೀಕ ಅಬ್ರಮೊವಿಚ್ ಕೈಯಿಂದ ಕ್ಲಬ್ ಅಮೆರಿಕದ ಹೂಡಿಕೆದಾರ ಟಾಡ್ ಬೋಲಿ ಮತ್ತು ಹೂಡಿಕೆ ಕಂಪನಿ ಕ್ಲಿಯರ್‌ಲೇಕ್ ಕ್ಯಾಪಿಟಲ್ ಕೈಗೆ ಬಂತು. 250 ಕೋಟಿ ಪೌಂಡ್ ಕೊಟ್ಟು ಕೊಂಡರು, ಇನ್ನೂ 175 ಕೋಟಿ ಹಾಕುತ್ತೇವೆ ಅಂದರು. ನಾವೂ ಖುಷಿಪಟ್ಟೆವು. ಉಕ್ರೇನ್ ಯುದ್ಧದ ನಂತರ ಬ್ರಿಟನ್ ಸರ್ಕಾರ ಅಬ್ರಮೊವಿಚ್ ಮೇಲೆ ಹಾಕಿದ ನಿರ್ಬಂಧದ ಕಾಲದಲ್ಲಿ ಟಿಕೆಟ್ ಮಾರುವುದಕ್ಕೂ ಕಷ್ಟಪಟ್ಟ ಕ್ಲಬ್ ಅದು, ಉಳಿಯಿತಲ್ಲ ಅನ್ನುವ ಸಮಾಧಾನ ಇತ್ತು. ಆ ಬೇಸಿಗೆಯಲ್ಲಿ ಸ್ಟರ್ಲಿಂಗ್ ಬಂದ, ಕುಲಿಬಾಲಿ ಬಂದ. ಕುಲಿಬಾಲಿಯಂತೂ 26ನೇ ನಂಬರ್ ಹಾಕಿಕೊಳ್ಳಲಾ ಅಂತ, ಆ ನಂಬರ್ ಹಾಕುತ್ತಿದ್ದ ಹಳೇ ನಾಯಕ ಜಾನ್ ಟೆರಿಗೆ ಫೋನ್ ಮಾಡಿ ಕೇಳಿದ್ದ. ಎಂಥಾ ದೊಡ್ಡ ಗುಣ ಅಲ್ವಾ? ಆ ಸುದ್ದಿ ಓದಿದ ದಿನವೇ ನಮ್ಮಲ್ಲಿ ಕುಲಿಬಾಲಿ 26 ಹಾಕಿಸಿಕೊಂಡವರಿದ್ದಾರೆ. ಒಂದೇ ವರ್ಷಕ್ಕೆ ಅವನನ್ನು ಸೌದಿಯ ಅಲ್ ಹಿಲಾಲ್‌ಗೆ ಮಾರಿದರು. ಸೆಪ್ಟೆಂಬರ್ 1ಕ್ಕೆ ಔಬಮೆಯಾಂಗ್‌ನನ್ನು ತಂದರು. ಡಾರ್ಟ್‌ಮಂಡ್‌ನಲ್ಲಿ ಅವನನ್ನು ಆಡಿಸಿ ಚೆನ್ನಾಗಿ ಬಲ್ಲ ಕೋಚ್ ಟುಕೆಲ್‌ನನ್ನು 7ಕ್ಕೆ ಕೆಲಸದಿಂದ ತೆಗೆದರು. ಆರೇ ದಿನ. ಹೊಸಬರಿಗೆ ಸುರಿದ ಹಣ ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ 100 ಕೋಟಿ ಪೌಂಡ್ ದಾಟಿತ್ತು. ಮೊದಲ ಸೀಸನ್‌ನಲ್ಲಿ ಸಿಕ್ಕಿದ್ದು 12ನೇ ಸ್ಥಾನ.

ಹಣ ಖರ್ಚು ಮಾಡಿದ್ದು ನಮ್ಮ ದೂರಲ್ಲ. ಖರ್ಚು ಮಾಡಿದ ರೀತಿ ನಮಗೆ ನೋವು ಕೊಟ್ಟಿದೆ.

2023ರ ಜನವರಿಯಲ್ಲಿ ಎನ್ಜೊ ಫರ್ನಾಂಡಿಸ್‌ಗೆ 10 ಕೋಟಿ 68 ಲಕ್ಷ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡರು. ಯಾಕೆ ಅಷ್ಟು ಉದ್ದ? ಲೆಕ್ಕದ ಪುಸ್ತಕದಲ್ಲಿ ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯಬಹುದು. ಎಂಟೂವರೆಗೆ ಹಂಚಿದರೆ ವರ್ಷಕ್ಕೆ ಸುಮಾರು ಒಂದೂಕಾಲು ಕೋಟಿ ಪೌಂಡ್ ಅಷ್ಟೇ ಖರ್ಚು ಅಂತ ಕಾಣುತ್ತದೆ. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ, ಐದು ವರ್ಷಕ್ಕಿಂತ ಜಾಸ್ತಿ ಹಂಚುವ ಹಾಗಿಲ್ಲ ಅಂತ ನಿಯಮ ತಂದವು. ಇದರ ಇನ್ನೊಂದು ಮಗ್ಗುಲು ಇದೆ. ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಕೊಂಡ ಬೆಲೆ ಅನ್ನುವುದೇ ಇಲ್ಲ. ಅವನನ್ನು ಮಾರಿದರೆ ಬಂದದ್ದಷ್ಟೂ ಆ ವರ್ಷದ ಲಾಭ. ಅಂದರೆ ಕ್ಲಬ್ಬಿಗೆ ಯಾರು ತೀರಾ ಹತ್ತಿರದವರೋ ಅವರನ್ನು ಮಾರಿದರೇ ಪುಸ್ತಕ ಚಂದ ಕಾಣುತ್ತದೆ. ಇದನ್ನು ಅರ್ಥ ಮಾಡಿಕೊಂಡ ದಿನ ನಮಗೆ ರಾತ್ರಿ ನಿದ್ದೆ ಬರಲಿಲ್ಲ.

ಮೇಸನ್ ಮೌಂಟ್ ಆರು ವರ್ಷದವನಿದ್ದಾಗ ಬಂದವನು. ಸತತ ಎರಡು ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರ. 2021ರಲ್ಲಿ ಪೋರ್ಟೊದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಹಾವರ್ಟ್ಸ್ ಗೋಲಿಗೆ ಪಾಸ್ ಕೊಟ್ಟವನು. ಹೊಸ ಒಪ್ಪಂದದ ಮಾತು ಮುರಿದುಬಿದ್ದು 2023ರ ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಅದೇ ಬೇಸಿಗೆಯಲ್ಲಿ ಹಾವರ್ಟ್ಸ್ ಆರ್ಸೆನಲ್ ಸೇರಿದ. ಕಾನರ್ ಗ್ಯಾಲಗರ್ ಕೂಡ ಮನೆಯ ಹುಡುಗ. 2023-24ರಲ್ಲಿ ರೀಸ್ ಜೇಮ್ಸ್ ಗಾಯಗೊಂಡಿದ್ದಾಗ ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡು, ಸೋತ ಪಂದ್ಯಗಳಲ್ಲೂ ಕೊನೆಯ ನಿಮಿಷದವರೆಗೆ ಓಡಿದವನು. ಮುಂದಿನ ಆಗಸ್ಟ್‌ನಲ್ಲಿ ಅವನನ್ನೂ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಕಳಿಸಿದರು. ಗ್ಯಾಲಗರ್ 23 ಹಾಕಿಸಿಕೊಂಡಿದ್ದ ಒಬ್ಬ ಕಾಲೇಜು ಹುಡುಗ ಆ ವಾರ ಅಂಗಡಿಗೆ ಬಂದು, ಏನು ಮಾಡಲಿ ಅಣ್ಣ, ತೆಗೆಸಲೂ ಮನಸ್ಸಿಲ್ಲ, ಹಾಕಿಕೊಳ್ಳಲೂ ಮನಸ್ಸಿಲ್ಲ ಅಂದ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ನಂಬರ್‌ಗಳ ಕಥೆ ಬೇರೆ. ಸ್ಟರ್ಲಿಂಗ್ ಇನ್ನೂ ಕ್ಲಬ್ಬಿನಲ್ಲಿರುವಾಗಲೇ ಅವನ 7 ಪೆಡ್ರೊ ನೆಟೊಗೆ ಹೋಯಿತು. ಕೋಲ್ ಪಾಮರ್ 20 ಬಿಟ್ಟು 10 ತೆಗೆದುಕೊಂಡ, 20 ಈಗ ಜೋಆವೊ ಪೆಡ್ರೊ ಬೆನ್ನ ಮೇಲಿದೆ. ಪಾಮರ್ 20 ಇಟ್ಟುಕೊಂಡಿರುವವರಿಗೆ ಒಂದು ಮಾತು: ದಯವಿಟ್ಟು ತೆಗೆಸಬೇಡಿ. ಲೀಗ್‌ನಲ್ಲಿ 22 ಗೋಲು ಹೊಡೆದ ವರ್ಷದ ನಂಬರ್ ಅದು.

ಇನ್ನು ಕಳೆದ ಸೀಸನ್‌ನಲ್ಲಿ ನಾವು ಮಾಡಿದ ತಪ್ಪು. ಹಬ್ಬದ ರಶ್ ಇರುತ್ತದೆ ಅಂತ ಒಟ್ಟಿಗೇ ತುಂಬಾ ಹೆಸರು ಕಟ್ ಮಾಡಿಸಿ ಪ್ರಿಂಟ್ ಹಾಕಿಟ್ಟೆವು. ಜೋಆವೊ ಫೆಲಿಕ್ಸ್ 14 ಕೂಡ ಅದರಲ್ಲಿತ್ತು. ಅವನು ಆಗಸ್ಟ್‌ನಲ್ಲಿ ಬಂದು ಫೆಬ್ರವರಿಗೆ ಎರವಲಾಗಿ (ಲೋನ್) ಮಿಲಾನ್‌ಗೆ ಹೋದ, ಈ ಜುಲೈನಲ್ಲಿ ಸೌದಿಯ ಅಲ್ ನಸ್ರ್‌ಗೆ. ಮದುಎಕೆ 11 ಇತ್ತು, ಅವನು ಆರ್ಸೆನಲ್‌ಗೆ. 2024ರ ಬೇಸಿಗೆಯಲ್ಲಿ ಕ್ಲಬ್ಬಿನ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಆಟಗಾರರಿದ್ದರು, ಯಾರು ಉಳಿಯುತ್ತಾರೆ ಅಂತ ಯೋಚಿಸಿ ನಾವು ಕೈ ಬಿಗಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಹೀಗೆ ಉಳಿದುಹೋದ ಜೆರ್ಸಿಗಳ ನಷ್ಟವನ್ನು ಬೇರೆ ಜೆರ್ಸಿಗಳ ಬೆಲೆ ಮೇಲೆ ಹಾಕಿ ನಿಮ್ಮಿಂದ ತೆಗೆಯುವುದು ನಮಗೆ ಸರಿ ಅನ್ನಿಸಲಿಲ್ಲ. ಈ ಬದಲಾವಣೆಗೆ ನಿಜವಾದ ಕಾರಣ ಇದು.

ಗೆದ್ದರಲ್ಲಪ್ಪಾ, ಇನ್ನೇನು ಬೇಕು ಅಂತ ಕೇಳುವವರೂ ಇದ್ದೀರಿ. ಹೌದು, ಗೆದ್ದರು. ಮೇ ತಿಂಗಳಲ್ಲಿ ಬೆಟಿಸ್ ವಿರುದ್ಧ 4-1, ಕಾನ್ಫರೆನ್ಸ್ ಲೀಗ್ ಕಪ್. ಜುಲೈನಲ್ಲಿ ಪಿಎಸ್‌ಜಿಯನ್ನು 3-0 ಸೋಲಿಸಿ ಕ್ಲಬ್ ವಿಶ್ವಕಪ್, ಪಾಮರ್‌ದು ಎರಡು ಗೋಲು. ನಾವೂ ಕುಣಿದೆವು. ಮಿಡ್‌ಫೀಲ್ಡರ್ ಕೈಸೆಡೊ ಆಟ ನೋಡಿದರೆ ಕೊಟ್ಟ ದುಡ್ಡಿಗೆ ಬೇಸರ ಆಗುವುದಿಲ್ಲ. ಆದರೆ ಅದೇ ಜುಲೈನಲ್ಲಿ ಹಣಕಾಸು ನಿಯಮ ಮೀರಿದ್ದಕ್ಕೆ ಯುಇಎಫ್‌ಎ 3 ಕೋಟಿ 10 ಲಕ್ಷ ಯೂರೋ ದಂಡವನ್ನೂ ಹಾಕಿತು. ಫೆಬ್ರವರಿಯಲ್ಲಿ ಸೌತಾಂಪ್ಟನ್ ಪಂದ್ಯದ ಮೊದಲು ನೂರಾರು ಅಭಿಮಾನಿಗಳು ಮಾಲೀಕರ ವಿರುದ್ಧ ಬೀದಿಗಿಳಿದರು. ಇದೇ ಮಾಲೀಕರು ಕೊಂಡಿರುವ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಕ್ಲಬ್‌ನಲ್ಲೂ ಅದೇ ಸಂಕಟ. ಅವರ ನಾಯಕ ಎಮೆಘಾ ಮುಂದಿನ ವರ್ಷ ಚೆಲ್ಸಿಗೆ ಅಂತ ಈ ತಿಂಗಳೇ ಘೋಷಣೆಯಾಯಿತು. ಒಂದು ಊರಿನ ನಾಯಕನಿಗೆ ಇನ್ನೊಂದು ಊರಿನವರು ದಿನಾಂಕ ಗೊತ್ತು ಮಾಡಿದರೆ ಆ ಊರಿನವರಿಗೆ ಹೇಗಾಗಬೇಡ? ಕಪ್ ಬಂದರೂ ಆ ನೋವು ಮರೆಯುವುದಿಲ್ಲ.

ಇನ್ನೊಂದು ವಿಷಯ, ತುಂಬಾ ಜನ ಕೇಳುವುದರಿಂದ ಇಲ್ಲೇ ಹೇಳುತ್ತೇವೆ. ಎದೆಯ ಮೇಲೆ ಸ್ಪಾನ್ಸರ್ ಹೆಸರಿಲ್ಲ, ಇದು ಡೂಪ್ಲಿಕೇಟಾ ಅಂತ. ಅಲ್ಲ. 2025-26 ಸೇರಿ ಸತತ ಮೂರು ಸೀಸನ್‌ಗಳನ್ನು ಚೆಲ್ಸಿ ಎದೆಯ ಮೇಲೆ ಸ್ಪಾನ್ಸರ್ ಇಲ್ಲದೇ ಶುರು ಮಾಡಿತು. ಆಗ ಬಂದ ಜೆರ್ಸಿ ಇರುವುದೇ ಹಾಗೆ.

ಹೆಸರು ತೆಗೆಯುವ ಕೆಲಸದ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ವಿನೈಲ್ ಅಕ್ಷರವನ್ನು ಹೀಟ್ ಪ್ರೆಸ್‌ನಲ್ಲಿ ಸುಮಾರು 150 ಡಿಗ್ರಿಗೆ ಹತ್ತು ಹದಿನೈದು ಸೆಕೆಂಡ್ ಒತ್ತುತ್ತೇವೆ. ತೆಗೆಯುವಾಗ ಮತ್ತೆ ಬಿಸಿ ಮಾಡಿ, ಒಂದೊಂದೇ ಅಕ್ಷರ ಎಬ್ಬಿಸಿ, ಉಳಿದ ಅಂಟನ್ನು ಒರೆಸಬೇಕು. ಒಂದು ಜೆರ್ಸಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎರಡು ವರ್ಷ ಬಿಸಿಲಲ್ಲಿ ಆಡಿದ ಜೆರ್ಸಿಯಾದರೆ ಅಕ್ಷರದ ಕೆಳಗಿನ ಬಟ್ಟೆ ಮಾಸದೇ ಗಾಢ ನೀಲಿಯಾಗಿಯೇ ಇರುತ್ತದೆ, ಹಳೇ ಹೆಸರಿನ ಗುರುತು ಹಾಗೇ ಕಾಣುತ್ತದೆ. ಅದಕ್ಕೇ ಒಂದು ವರ್ಷದ ಮಿತಿ ಇಟ್ಟಿದ್ದೇವೆ. ಎರಡನೇ ಸಲ ತೆಗೆಯುವುದಿಲ್ಲ, ಬಟ್ಟೆ ಸುಡುತ್ತದೆ.

ಚೆಲ್ಸಿಯ ಹಳೇ ಆಟಗಾರರಾದ ಡ್ರೋಗ್ಬಾ, ಲ್ಯಾಂಪಾರ್ಡ್, ಟೆರಿ, ಜೋಲಾ ಇವರ ಹೆಸರಿಗೆ ಹಳೇ ದರವೇ, 350. ಬೆಂಗಳೂರು ಎಫ್‌ಸಿ ಜೆರ್ಸಿಗೂ ಅಷ್ಟೇ. ಚೆಟ್ರಿ 11 ಮಾತ್ರ ಎಂದಿನಂತೆ ಪ್ರಿಂಟ್ ಹಾಕಿಯೇ ಇಟ್ಟಿರುತ್ತೇವೆ. 2013ರಲ್ಲಿ ಈ ಊರಿಗೆ ಬಂದು, ಊರಿನವನೇ ಆದವನು.

ನಿಮ್ಮ ಸ್ವಂತ ಹೆಸರನ್ನು ಕನ್ನಡದಲ್ಲಿ ಹಾಕಿಸಿಕೊಳ್ಳುವವರು ಜಾಸ್ತಿ ಆಗಿದ್ದೀರಿ. ಅದೂ 350ಕ್ಕೇ. ಒತ್ತಕ್ಷರ ಇರುವ ಹೆಸರಾದರೆ ಒಂದು ದಿನ ಮೊದಲೇ ಹೇಳಿ. ಕೆಳಗಿನ ಆ ಸಣ್ಣ ತುಂಡು ಒಗೆತಕ್ಕೆ ಮೊದಲು ಏಳುತ್ತದೆ. ಅದನ್ನು ಮೇಲಿನ ಅಕ್ಷರಕ್ಕೆ ಸೇರಿಸಿ ಒಂದೇ ತುಂಡಾಗಿ ಕಟ್ ಮಾಡಬೇಕು.

ಆಗಸ್ಟ್ 1ರ ನಂತರ ಹೆಸರು ಹಾಕಿದ ಚೆಲ್ಸಿ ಜೆರ್ಸಿ ಕೊಂಡವರಿಗೂ ಹೊಸ ನಿಯಮ ಸಿಗುತ್ತದೆ, ಹೆಚ್ಚಿಗೆ 50 ರೂಪಾಯಿ ಕೊಡುವುದು ಬೇಡ, ಬಿಲ್ ಇದ್ದರೆ ಸಾಕು. ಉಳಿದ ಹಳೇ ಹೆಸರಿನ ಜೆರ್ಸಿಗಳನ್ನು ಅರ್ಧ ಬೆಲೆಗೆ ಬಾಗಿಲ ಹತ್ತಿರದ ರ‍್ಯಾಕ್‌ನಲ್ಲಿ ಇಟ್ಟಿದ್ದೇವೆ. ಮಕ್ಕಳ ಸೈಜಿನವು ಮಾರಾಟಕ್ಕಿಲ್ಲ, ಬೆಳಿಗ್ಗೆ ಮೈದಾನದಲ್ಲಿ ಆಡುವ ಹುಡುಗರಿಗೆ ಎತ್ತಿಟ್ಟಿದ್ದೇವೆ. ಹೆಸರು ಬದಲಿಸಲು ತರುವ ಜೆರ್ಸಿಯನ್ನು ಒಗೆದು ಒಣಗಿಸಿ ತನ್ನಿ, ಇಸ್ತ್ರಿ ಹಾಕಬೇಡಿ. ಸೋಮವಾರ ರಜೆ, ಉಳಿದ ದಿನ ಬೆಳಿಗ್ಗೆ 11ರಿಂದ ರಾತ್ರಿ 8ರವರೆಗೆ ಬಾಗಿಲು ತೆರೆದಿರುತ್ತದೆ.

ನಿಮ್ಮ ಅಂಗಡಿಯ ಮೂವರು