ಕಾಫಿ ಕಣದಲ್ಲಿ ವೀಲ್‌ಚೇರ್

ಪ್ರೀತಿಯ ಗೆಳೆಯಾ,

ಚಿಕ್ಕಮಗಳೂರಿನ ಹೋಮ್‌ಸ್ಟೇ ಹೇಗಿತ್ತು ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ನಮ್ಮ ಹಾಗೆ ವೀಲ್‌ಚೇರ್‌ನಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಬೆನ್ನುಹುರಿಗೆ ಪೆಟ್ಟಾದ ಮೇಲೆ ನೀನು ಬೆಟ್ಟದ ಕಡೆ ಹೋಗಿಲ್ಲ. ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಎಲ್ಲಿಗೆ ಫೋನ್ ಮಾಡಿದರೂ ಒಂದೇ ಉತ್ತರ: "ಎರಡೇ ಮೆಟ್ಟಿಲು ಸಾರ್, ಹುಡುಗರಿದ್ದಾರೆ, ಎತ್ತಿಬಿಡ್ತಾರೆ." ಅವರ ಮನಸ್ಸು ಒಳ್ಳೆಯದೇ. ಆದರೆ ಹೊರಗೆ ಬರಬೇಕು ಅನ್ನಿಸಿದಾಗಲೆಲ್ಲ ಯಾರನ್ನಾದರೂ ಕೂಗಬೇಕು ಅಂದರೆ ಹೋಗಿ ಏನು ಸುಖ? ಬೆಳಿಗ್ಗೆ ಎಲ್ಲರೂ ಮಲಗಿರುವಾಗ ನಾನೊಬ್ಬನೇ ಅಂಗಳಕ್ಕೆ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಹಾಗಾಗಿ ಈ ಸಲ "ವೀಲ್‌ಚೇರ್ ಬರುತ್ತಾ" ಅಂತ ಕೇಳಲೇ ಇಲ್ಲ. ಟೇಪ್ ಹಿಡಿದು ಅಳೆದು ಹೇಳಿ ಅಂದೆ. ಮೆಟ್ಟಿಲ ಎತ್ತರ, ಬಚ್ಚಲ ಬಾಗಿಲ ಅಗಲ, ಮಂಚದ ಎತ್ತರ. ಕೆಲವರು ಅಲ್ಲಿಗೇ ಫೋನಿಟ್ಟರು. ಒಬ್ಬರು ಮಾತ್ರ ಟೇಪ್ ಇಟ್ಟೇ ಫೋಟೋ ತೆಗೆದು ಕಳಿಸಿದರು.

ಹಳೆಯ ಹೆಂಚಿನ ಮನೆ. ಜಗಲಿಗೆ 7 ಇಂಚಿನ ಒಂದು ಮೆಟ್ಟಿಲು. ರ‍್ಯಾಂಪ್ ಲೆಕ್ಕ ನಿನಗೆ ಗೊತ್ತಲ್ವಾ, 1 ಇಂಚು ಏರಲು 12 ಇಂಚು ಉದ್ದ. ಅಂದರೆ 7 ಅಡಿ. ತೋಟದ ಸಿಲ್ವರ್ ಓಕ್ ಹಲಗೆ ಜೋಡಿಸಿ, ಜಾರದಿರಲಿ ಅಂತ ಮೇಲೆ ಗೋಣಿತಾಟು ಹೊಡೆದಿದ್ದರು. ಹೊಸಿಲಿಗೆ ದಿನಾ ಅರಿಶಿನ ಕುಂಕುಮ ಹಚ್ಚುವ ಮನೆ ಅದು. ಗಾಲಿ ಹೊಸಿಲಿಗೆ ತಾಗದ ಹಾಗೆ ಮೇಲಿಂದ ಇನ್ನೊಂದು ಪುಟ್ಟ ಹಲಗೆ ದಾಟಿಸಿದರು. ಬಚ್ಚಲ ಬಾಗಿಲು ತೆರೆದರೆ ಸಿಗುವ ಜಾಗ 24 ಇಂಚು, ನನ್ನ ಕುರ್ಚಿ 25. ಬಾಗಿಲನ್ನೇ ಹಿಂಜಿನಿಂದ ಕಳಚಿ ಪರದೆ ಕಟ್ಟಿದೆವು. ಬಾಗಿಲ ದಪ್ಪದಷ್ಟು ಜಾಗ ಸಿಕ್ಕಿತು, ಕುರ್ಚಿ ಒಳಗೆ ಹೋಯಿತು.

ಬಚ್ಚಲಲ್ಲಿ ಒಂದು ಎಚ್ಚರ. ಸೌದೆ ಒಲೆಯ ಮೇಲೆ ತಾಮ್ರದ ಹಂಡೆ, ಕುದಿಯುವ ನೀರು. ನಮ್ಮ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡದೆ ಕಾಲಿಗೆ ಹಾಕಬೇಡ. ರಾತ್ರಿ ಬೆಂಕಿ ಹಾಕಿದಾಗಲೂ ಹಿಂದೆಯೇ ಕೂರು. ಫುಟ್‌ರೆಸ್ಟ್‌ನ ಕಬ್ಬಿಣ ಕಾದರೆ ಪಾದ ಸುಟ್ಟರೂ ಗೊತ್ತಾಗಲ್ಲ.

ಇನ್ನು ಕಣದ ವಿಷಯ. ಇದನ್ನು ಹೇಳದಿದ್ದರೆ ಕಾಗದ ಬರೆದೂ ದಂಡ. ತೋಟದ ದಾರಿಯೆಲ್ಲ ಜಲ್ಲಿಕಲ್ಲು, ಮುಂದಿನ ಸಣ್ಣ ಗಾಲಿಗಳು ಹೂತುಬಿಡುತ್ತವೆ. ಆದರೆ ಕಾಫಿ ಒಣಗಿಸುವ ಕಣ ಇದೆಯಲ್ಲ, ಅದು ಸಿಮೆಂಟಿನದು. ಅಗಲವಾಗಿ, ಸಮತಟ್ಟಾಗಿ, ಮನೆಗೆ ಅಂಟಿಕೊಂಡೇ ಇದೆ. ಮಾರ್ಚ್ ಆದ್ದರಿಂದ ಖಾಲಿಯಿತ್ತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದು ವಾರ ಕಳೆದಿತ್ತು. ತೋಟವೆಲ್ಲ ಬಿಳಿ ಹೂವು, ಮಲ್ಲಿಗೆಯಂಥ ಘಮ, ಜೇನುಹುಳಗಳ ಸದ್ದು. ಬೆಳಿಗ್ಗೆ ಹಲಗೆ ಇಳಿದು, ಆ ಕಣದಲ್ಲಿ ಮನಸ್ಸು ತುಂಬುವಷ್ಟು ಸುತ್ತಿದೆ. ಯಾರೂ ತಳ್ಳಲಿಲ್ಲ. ಯಾರೂ "ಹುಷಾರು" ಅನ್ನಲಿಲ್ಲ. ಅಪಘಾತದ ಮೊದಲು ಬೆಟ್ಟದಲ್ಲಿ ಎಷ್ಟೋ ನಡೆದಿದ್ದೇನೆ ಕಣೋ, ಇಷ್ಟು ಖುಷಿ ಆಗಿದ್ದು ನೆನಪಿಲ್ಲ.

ಮುಳ್ಳಯ್ಯನಗಿರಿಯ ತುದಿಗೆ ಹೋಗಲಾಗಲಿಲ್ಲ. 1,930 ಮೀಟರ್ ಎತ್ತರದ ಬೆಟ್ಟ, ಆದರೆ ಕಾರು ನಿಲ್ಲುವಲ್ಲಿಂದ ಮೇಲೆಲ್ಲ ಮೆಟ್ಟಿಲು. ಕೆಳಗಿಂದಲೇ ನೋಡಿದೆ. ಸಂಕಟವಾಯಿತು, ಸುಳ್ಳು ಹೇಳಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ತುದಿಗಲ್ಲದಿದ್ದರೂ, ಬೆಟ್ಟದ ಅಂಚಿನ ನೋಟ ಕಾಣುವ ಜಾಗಕ್ಕಾದರೂ ಒಂದು ಇಳಿಜಾರು ದಾರಿ ಮಾಡಬಾರದಾ?

ಮುಂದಿನ ಮಾರ್ಚ್‌ಗೆ ಇಬ್ಬರೂ ಹೋಗೋಣ. ಮಳೆಗಾಲದಲ್ಲಿ ಎಲ್ಲಾ ಕಡೆ ಪಾಚಿ, ಜಾರುತ್ತದೆ. ಡಿಸೆಂಬರ್‌ನಲ್ಲಿ ಕಣದ ತುಂಬ ಕಾಫಿ ಹರಡಿರುತ್ತಾರೆ, ನಮಗೆ ಜಾಗ ಇರಲ್ಲ. ಆ ಹಲಗೆಗಳನ್ನು ಬಿಚ್ಚದೆ ಇಟ್ಟಿದ್ದಾರಂತೆ. ನಿನ್ನ ಕುರ್ಚಿ ನನ್ನದಕ್ಕಿಂತ ಅಗಲ ಇರಬೇಕು. ಕೈಯಲ್ಲಿ ತಿರುಗಿಸುವ ರಿಂಗ್ ಸೇರಿಸಿ ಅಳೆದು, ಈ ವಾರವೇ ಕಳಿಸು. ಬಚ್ಚಲ ಬಾಗಿಲಿಗೆ ಸಾಲದಿದ್ದರೆ ಈಗಲೇ ಅವರಿಗೆ ಹೇಳುತ್ತೇನೆ.

ನಿನ್ನ ಗೆಳೆಯ