ಒಂದೊಂದೇ ಸಿಗರೇಟು ಮಾರೋದನ್ನ ಮೊದಲು ನಿಲ್ಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ 1000 ರೂಪಾಯಿವರೆಗೆ ದಂಡ, 21 ತುಂಬದೋರಿಗೆ ತಂಬಾಕು ಮಾರೋ ಹಾಗಿಲ್ಲ, ಹುಕ್ಕಾ ಬಾರ್ ನಡೆಸಿದ್ರೆ ಜೈಲು. ನಮ್ಮ ರಾಜ್ಯದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 2025ರ ಮೇ ಕೊನೆಗೆ ಬಂದಾಗ ಜನ ಮಾತಾಡಿದ್ದು ಈ ಮೂರು ವಿಷಯ ಮಾತ್ರ. ಅದೇ ಕಾಯ್ದೆಲಿ ಇನ್ನೊಂದು ಮಾತಿದೆ, ಸಿಗರೇಟನ್ನ ಪ್ಯಾಕ್ ಒಡೆದು ಒಂದು ಎರಡು ಅಂತ ಲೂಸ್ ಆಗಿ ಮಾರೋ ಹಾಗಿಲ್ಲ ಅಂತ. ಅದರ ಸುದ್ದಿ ಎಲ್ಲೂ ಇಲ್ಲ. ನಾನು ಈ ಪತ್ರ ಬರೀತಿರೋದು ಅದೊಂದರ ಬಗ್ಗೆನೇ, ಯಾಕಂದ್ರೆ ಆ ಒಂದು ನಿಯಮ ಜಾರಿ ಆಗದೇ ಇದ್ರೆ ಉಳಿದಿದ್ದೆಲ್ಲ ಪುಸ್ತಕದಲ್ಲೇ ಉಳಿಯುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ನಾನು ದಾವಣಗೆರೆಯಲ್ಲಿ ಪಿಯು ಕಾಲೇಜಿನಲ್ಲಿ ಪಾಠ ಮಾಡೋನು. ನಮ್ಮ ಹುಡುಗರ ಹತ್ರ ಒಂದು ಪ್ಯಾಕ್ ತಗೊಳ್ಳೋ ಅಷ್ಟು ದುಡ್ಡು ಇರೋದು ಅಪರೂಪ, ಆದರೆ ಮಧ್ಯಾಹ್ನದ ಬ್ರೇಕಲ್ಲಿ ಒಂದು ಟೀ ಒಂದು ಸಿಗರೇಟಿಗೆ ಆಗೋ ಅಷ್ಟು ಯಾವಾಗ್ಲೂ ಇರುತ್ತೆ, ಇಬ್ಬರು ಸೇರಿದ್ರೆ ಒಂದನ್ನೇ ಹಂಚ್ಕೊಂಡು ಸೇದ್ತಾರೆ. ಗೂಡಂಗಡಿಯವರು ಪ್ಯಾಕ್ ಒಡೆದು ಇಟ್ಟಿರ್ತಾರೆ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಲೈಟರ್ ನೇತಾಡ್ತಿರುತ್ತೆ, ಅದರ ಕೆಳಗೇ ಐದು ರೂಪಾಯಿ ಚಿಪ್ಸ್, ಚಾಕಲೇಟ್ ಡಬ್ಬಿ, ಕಡ್ಲೆ ಮಿಠಾಯಿ. ಚಾಕಲೇಟಿಗೆ ಬಂದ ಏಳನೇ ಕ್ಲಾಸಿನ ಮಗು ಮತ್ತೆ ಸಿಗರೇಟಿಗೆ ಬಂದ ಹದಿನೇಳರ ಹುಡುಗ ಇಬ್ಬರೂ ಒಂದೇ ಕಟ್ಟೆ ಮುಂದೆ ನಿಂತಿರ್ತಾರೆ. ಆ ಮಗು ದಿನಾ ನೋಡೋದು ಏನನ್ನ ಅಂತ ಯೋಚನೆ ಮಾಡಿ.

ಇದು ಬರೀ ನನ್ನ ಆತಂಕ ಅಲ್ಲ. 2019ರಲ್ಲಿ ಶಾಲಾ ಮಕ್ಕಳ ಮೇಲೆ ನಡೆದ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಮಕ್ಕಳಲ್ಲಿ ನೂರಕ್ಕೆ 8.5 ಮಂದಿ ಯಾವುದಾದ್ರೂ ರೂಪದಲ್ಲಿ ತಂಬಾಕು ಬಳಸ್ತಿದ್ದಾರೆ ಅಂತ ಬಂತು, ಅದರಲ್ಲೂ ಸಿಗರೇಟು ಸೇದೋ ಮಕ್ಕಳಲ್ಲಿ ಶೇ 38ರಷ್ಟು, ಬೀಡಿ ಸೇದೋರಲ್ಲಿ ಶೇ 47ರಷ್ಟು ಮಕ್ಕಳು ಹತ್ತು ವರ್ಷ ತುಂಬೋದ್ರೊಳಗೇ ಶುರು ಮಾಡಿದ್ರಂತೆ. ಹತ್ತು ವರ್ಷ ಅಂದ್ರೆ ನಾಲ್ಕನೇ ಐದನೇ ಕ್ಲಾಸು ಸರ್. ಆ ವಯಸ್ಸಿನ ಮಗು ಅಂಗಡಿಗೆ ಹೋಗಿ ಹತ್ತರ ಪ್ಯಾಕ್ ಕೇಳಲ್ಲ, ಒಂದು ಕೇಳುತ್ತೆ, ಇಲ್ಲಾ ಅಪ್ಪನಿಗೆ ಅಂತ ಹೇಳಿ ತರುತ್ತೆ.

ಲೂಸ್ ಮಾರಾಟದಿಂದ ಸರ್ಕಾರದ ಬೇರೆ ಕೆಲಸಗಳೂ ಹೇಗೆ ನೀರುಪಾಲಾಗ್ತಿವೆ ಅಂತ ಸ್ವಲ್ಪ ನೋಡಿ. ಪ್ಯಾಕಿನ ಶೇ 85 ಭಾಗದಲ್ಲಿ ಕ್ಯಾನ್ಸರ್ ಚಿತ್ರ ಹಾಕ್ಬೇಕು ಅನ್ನೋ ನಿಯಮ 2016ರ ಏಪ್ರಿಲ್‌ನಿಂದ ಜಾರಿಲಿದೆ. ಆ ಚಿತ್ರಕ್ಕಾಗಿ ಎಂಥ ಜಗ್ಗಾಟ ನಡೀತು ಅಂದ್ರೆ, ಕಂಪನಿಗಳು ಕೋರ್ಟಿಗೆ ಹೋದ್ವು, 2017ರ ಡಿಸೆಂಬರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಆ ನಿಯಮ ರದ್ದು ಮಾಡ್ತು, ಮುಂದಿನ ತಿಂಗಳೇ ಅಂದ್ರೆ 2018ರ ಜನವರಿಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು ಚಿತ್ರ ಉಳೀತು. ಅದೇ ವರ್ಷ ಸೆಪ್ಟೆಂಬರಿಂದ ಪ್ಯಾಕ್ ಮೇಲೆ ಬಿಡಬೇಕು ಅನ್ನೋರಿಗೆ ಸಹಾಯವಾಣಿ ನಂಬರೂ ಬಂತು, 1800-11-2356. ಇಷ್ಟೆಲ್ಲ ಹೋರಾಡಿ ಹಾಕಿಸಿದ ಚಿತ್ರ, ನಂಬರು, ಒಂದು ಸಿಗರೇಟು ಕೊಳ್ಳೋ ಹುಡುಗನ ಕೈಗೆ ಬರೋದೇ ಇಲ್ಲ. ಅವನ ಕೈಗೆ ಸಿಗೋದು ಬಿಳಿ ಕಡ್ಡಿ ಒಂದೇ, ಪ್ಯಾಕ್ ಅಂಗಡಿಯವರ ಹತ್ರನೇ ಉಳಿಯುತ್ತೆ.

ತೆರಿಗೆ ಕಥೆನೂ ಹೀಗೇ. ಸಿಗರೇಟಿನ ಬೆಲೆ ಏರಿದ್ರೆ ಸೇದೋರು ಕಮ್ಮಿ ಆಗ್ತಾರೆ, ಅದರಲ್ಲೂ ಹುಡುಗರು ಮತ್ತೆ ಬಡವರು ಬೇಗ ಕಮ್ಮಿ ಮಾಡ್ತಾರೆ ಅನ್ನೋದು ಪ್ರಪಂಚದಾದ್ಯಂತ ಕಂಡಿರೋ ಸಂಗತಿ, ವಿಶ್ವ ಆರೋಗ್ಯ ಸಂಸ್ಥೆ ಮಾರಾಟದ ಬೆಲೆಲಿ ಕನಿಷ್ಠ ಶೇ 75 ತೆರಿಗೆನೇ ಇರ್ಬೇಕು ಅನ್ನುತ್ತೆ. ಆದರೆ ಪ್ಯಾಕಿಗೆ ಮೂವತ್ತು ರೂಪಾಯಿ ಏರಿದ್ರೆ ಒಂದು ಕಡ್ಡಿಗೆ ಮೂರು ರೂಪಾಯಿ ಆಯ್ತು, ಅದು ಯಾರಿಗೂ ಅಷ್ಟಾಗಿ ತಟ್ಟಲ್ಲ. ಇನ್ನು ಬೀಡಿ ವಿಷಯ ನನಗೆ ನಿಜಕ್ಕೂ ನೋವು ಕೊಡ್ತು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಕೌನ್ಸಿಲ್ ಸಭೆಲಿ ಸಿಗರೇಟು ಗುಟ್ಕಾ ಎಲ್ಲ ಶೇ 40ರ ಪಟ್ಟಿಗೆ ಅಂತ ತೀರ್ಮಾನ ಮಾಡಿ, ಬೀಡಿನ ಮಾತ್ರ 28ರಿಂದ 18ಕ್ಕೆ ಇಳಿಸೋಣ ಅಂದ್ರು. ದೊಡ್ಡೋರ ಮೇಲಿನ 2016-17ರ ಸಮೀಕ್ಷೆ ತೆಗೆದು ನೋಡಿದ್ರೆ ದೇಶದಲ್ಲಿ ಸಿಗರೇಟು ಸೇದೋರು ಶೇ 4, ಬೀಡಿ ಸೇದೋರು ಶೇ 7.7. ಬೀಡಿ ಹೊಗೆ ಸಿಗರೇಟಿಗಿಂತ ಏನೂ ಕಮ್ಮಿ ಕೆಟ್ಟದ್ದಲ್ಲ, ಸೇದೋರು ಹಮಾಲರು, ಗಾರೆ ಕೆಲಸದೋರು, ಕೂಲಿಗಳು, ಆಸ್ಪತ್ರೆಗೆ ಕೊನೇ ಹಂತದಲ್ಲಿ ಬರೋರೂ ಅವರೇ. ಮಂಗಳೂರು ಕಡೆ ಬೀಡಿ ಕಟ್ಟಿ ಬದುಕೋ ಹೆಣ್ಮಕ್ಕಳ ಹೊಟ್ಟೆಪಾಡು ಇದೆ, ಅದನ್ನ ನಾನು ಅಲ್ಲಗಳೆಯಲ್ಲ, ಆದರೆ ಅವರಿಗೆ ಬೇಕಾಗಿರೋದು ಬೇರೆ ಕೆಲಸ, ಒಳ್ಳೆ ಕೂಲಿ, ಪಿಂಚಣಿ. ಬೀಡಿ ಅಗ್ಗ ಮಾಡಿದ್ರೆ ಆ ದುಡ್ಡು ಅವರ ಮನೆಗೆ ಬರುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ?

ನಮ್ಮ ರಾಜ್ಯದಲ್ಲಿ ಲೂಸ್ ಮಾರಾಟ ಬೇಡ ಅಂತ ಹೇಳಿರೋದು ಇದೇ ಮೊದಲಲ್ಲ ಅನ್ನೋದನ್ನೂ ಓದುಗರು ನೆನಪು ಮಾಡ್ಕೋಬೇಕು. 2017ರಲ್ಲೇ ಆರೋಗ್ಯ ಇಲಾಖೆ ಸಿಗರೇಟು, ಬೀಡಿ, ಜಗಿಯೋ ತಂಬಾಕು ಯಾವುದನ್ನೂ ಬಿಡಿಯಾಗಿ ಮಾರಬಾರದು ಅಂತ ಆದೇಶ ಹೊರಡಿಸಿತ್ತು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೂ ಬರೆದು, ತಂಬಾಕು ಮಾರೋ ಅಂಗಡಿಗೆ ಸ್ಥಳೀಯ ಸಂಸ್ಥೆಯಿಂದ ಬೇರೆ ಲೈಸೆನ್ಸ್ ಇರ್ಲಿ, ಅಂಥ ಅಂಗಡಿಲಿ ಚಾಕಲೇಟು ಬಿಸ್ಕೆಟ್ಟು ಚಿಪ್ಸು ತಂಪು ಪಾನೀಯ ಮಾರೋದು ಬೇಡ ಅಂತ ಸಲಹೆ ಕೊಟ್ಟಿತ್ತು. ಎಂಥ ಸರಳವಾದ, ಬುದ್ಧಿವಂತ ಸಲಹೆ ನೋಡಿ. ಇಷ್ಟು ವರ್ಷ ಆದ್ರೂ ನಮ್ಮ ಊರಿನ ಯಾವ ಗೂಡಂಗಡಿ ಮುಂದೆ ನಿಂತು ನೋಡಿದ್ರೂ ಅದರ ಸುಳಿವೇ ಇಲ್ಲ. ಗುಟ್ಕಾ ನಿಷೇಧನೂ ಹಂಗೇ ಆಯ್ತು. 2013ರ ಮೇ ಕೊನೆಗೆ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು, ಕಂಪನಿಗಳು ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಜೋಡಿಯಾಗಿ ಮಾರೋಕೆ ಶುರು ಮಾಡಿದ್ವು, ತಗೊಂಡೋನು ಅಂಗೈ ಮೇಲೆ ಎರಡನ್ನೂ ಸೇರಿಸಿ ಬಾಯಿಗೆ ಹಾಕ್ಕೊಳ್ತಾನೆ, ಅಲ್ಲಿಗೆ ನಿಷೇಧ ಮುಗೀತು.

ಇಲ್ಲಿ ಪೊಲೀಸರನ್ನೋ ಅಂಗಡಿಯವರನ್ನೋ ಬೈದು ಸುಮ್ಮನಾಗೋದು ನನ್ನ ಉದ್ದೇಶ ಅಲ್ಲ. ಗೂಡಂಗಡಿ ಇಟ್ಕೊಂಡಿರೋರು ಬಹಳ ಜನ ವಯಸ್ಸಾದೋರು, ಅಂಗವಿಕಲರು, ಗಂಡ ಇಲ್ಲದ ಹೆಣ್ಮಕ್ಕಳು, ಅವರ ದಿನದ ವ್ಯಾಪಾರದಲ್ಲಿ ಸಿಗರೇಟಿನ ಪಾಲು ದೊಡ್ಡದೇ ಇರುತ್ತೆ, ಏಕ್‌ದಮ್ ನಿಲ್ಲಿಸಿ ಅಂದ್ರೆ ಅವರೇನು ಮಾಡ್ಬೇಕು. ಹಂಗಾಗಿ ಲೈಸೆನ್ಸ್ ಅನ್ನೋದನ್ನ ನಿಧಾನಕ್ಕೆ, ಆದರೆ ಗಟ್ಟಿಯಾಗಿ ತರ್ಬೇಕು. ಟೀ ತಿಂಡಿ ಹಣ್ಣು ಮಾರ್ತೀನಿ, ತಂಬಾಕು ಬಿಡ್ತೀನಿ ಅನ್ನೋರಿಗೆ ಪಾಲಿಕೆಯವರು ಜಾಗದ ಬಾಡಿಗೆ ಕಮ್ಮಿ ಮಾಡ್ಲಿ, ಬೀದಿ ವ್ಯಾಪಾರಿಗಳಿಗೆ ಸಿಗೋ ಸಾಲದಲ್ಲಿ ಅವರನ್ನ ಮುಂದೆ ಇಡ್ಲಿ. ತಂಬಾಕೇ ಮಾರ್ತೀನಿ ಅನ್ನೋರು ಲೈಸೆನ್ಸ್ ತಗೊಂಡು ಪ್ಯಾಕ್ ಮಾತ್ರ ಮಾರ್ಲಿ, ಶಾಲೆ ಕಾಲೇಜಿಂದ 100 ಮೀಟರ್ ದೂರ ಇರ್ಲಿ. ಲೈಸೆನ್ಸ್ ಹೋಗುತ್ತೆ ಅನ್ನೋ ಭಯ ಇದ್ರೆ ಅಂಗಡಿಯವರೇ ಹುಡುಗನ ವಯಸ್ಸು ಕೇಳ್ತಾರೆ, ಪೊಲೀಸರು ಬಂದು ನಿಲ್ಬೇಕಾಗಿಲ್ಲ.

ಇದನ್ನ ಹೇಳಿದ ತಕ್ಷಣ ಒಂದು ಮಾತು ಬರುತ್ತೆ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಯೋ ರೈತರ ಗತಿ ಏನು ಅಂತ. ಅಲ್ಲಿ ಬೆಳೆಯೋ ಸೊಪ್ಪಲ್ಲಿ ಬಹಳಷ್ಟು ತಂಬಾಕು ಮಂಡಳಿ ಹರಾಜಿಂದ ಹೊರದೇಶಕ್ಕೆ ಹೋಗುತ್ತೆ, ನಮ್ಮ ಕಾಲೇಜು ಮುಂದೆ ಒಂದೊಂದೇ ಸಿಗರೇಟು ಮಾರೋದು ನಿಂತ್ರೆ ಆ ರೈತರು ಬೀದಿಗೆ ಬೀಳಲ್ಲ. ಅವರ ಕಷ್ಟ ಬೇರೆನೇ ಇದೆ, ಸೊಪ್ಪು ಹದ ಮಾಡೋ ಬ್ಯಾರನ್‌ಗೆ ಸೌದೆ, ಹರಾಜಲ್ಲಿ ಬೆಲೆ, ಪರ್ಯಾಯ ಬೆಳೆ, ಅದಕ್ಕೆ ಇನ್ನೊಂದು ಪತ್ರನೇ ಬೇಕು.

ಇನ್ನು ಈಗಾಗ್ಲೇ ಸೇದ್ತಿರೋರ ವಿಷಯ. ಅವರನ್ನ ಕೆಟ್ಟೋರು ಅನ್ನೋ ಹಾಗೆ ನೋಡೋದು ತಪ್ಪು. ಅದೇ 2016-17ರ ಸಮೀಕ್ಷೆಲಿ ಸೇದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಡ್ಬೇಕು ಅಂತಿದ್ದೀವಿ ಅಂದಿದ್ರು. ನಿಕೋಟಿನ್ ಚಟ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಹೋಗುತ್ತೆ ಅನ್ನೋ ಥರದ್ದಲ್ಲ, ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಬರಲ್ಲ, ಸಿಟ್ಟು ಬರುತ್ತೆ, ತಲೆ ಸಿಡಿಯುತ್ತೆ, ಆಗ ಜೊತೆಗೆ ಒಬ್ಬರು ಇದ್ರೆ ದಾಟಬಹುದು. ಮೇಲೆ ಹೇಳಿದ ಸಹಾಯವಾಣಿ ಫ್ರೀ, ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡ್ಬಹುದು. ಬಿಟ್ಟು ಹತ್ತು ವರ್ಷ ಆದ್ರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯೋ ಅಪಾಯ ಸೇದ್ತಾನೇ ಇರೋರಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ, ಅಂದ್ರೆ ಐವತ್ತನೇ ವಯಸ್ಸಲ್ಲಿ ಬಿಟ್ರೂ ಲಾಭ ಇದೆ. ಇದನ್ನ ಪ್ರತಿ ಟೀ ಅಂಗಡಿ ಗೋಡೆ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸ್ಬೇಕು.

ನಮ್ಮ ಕಾಲೇಜಿನ ಒಬ್ಬ ಹುಡುಗಿಯ ಅಪ್ಪ, ಲಾರಿ ಡ್ರೈವರು, ಬಾಯಿ ಹುಣ್ಣು ಅಂತ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡೇ ಕಾಲ ಕಳೆದ್ರು, ಕಡೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋ ಹೊತ್ತಿಗೆ ಬಾಯಿ ತೆರೆಯೋಕೇ ಆಗ್ತಿರಲಿಲ್ಲ. ಆ ಹುಡುಗಿ ಸೆಕೆಂಡ್ ಪಿಯುಗೆ ಓದು ಬಿಟ್ಟು ಅಮ್ಮನ ಜೊತೆ ಕೆಲಸಕ್ಕೆ ಹೋಗ್ತಾಳೆ. ಇದನ್ನ ಮೊದಲೇ ಕಂಡುಹಿಡಿಯೋಕೆ ದಾರಿ ಇದೆ. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡೋ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯ್ತು, ಅದರಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆನೂ ಇದೆ. ಆದರೆ ಮನೆ ಬಾಗಿಲಿಗೆ ಹಗಲಲ್ಲಿ ಬಂದ್ರೆ ಲಾರಿ ಡ್ರೈವರು, ಹಮಾಲರು ಮನೇಲಿ ಇರಲ್ಲ. ಎಪಿಎಂಸಿ ಯಾರ್ಡಿಗೆ, ಲಾರಿ ಸ್ಟ್ಯಾಂಡಿಗೆ, ಆಟೋ ಸ್ಟ್ಯಾಂಡಿಗೆ ಹೋಗಿ ಟಾರ್ಚ್ ಹಿಡಿದು ಬಾಯಿ ನೋಡ್ಬೇಕು, ನಮ್ಮೂರಲ್ಲಿ ಡೆಂಟಲ್ ಕಾಲೇಜುಗಳಿವೆ, ಅಲ್ಲಿನ ವಿದ್ಯಾರ್ಥಿಗಳನ್ನ ಕಳಿಸಿದ್ರೆ ಖರ್ಚೂ ಕಮ್ಮಿ, ಅವರಿಗೂ ಕಲಿಕೆ.

ಕೊನೆಗೆ ಆರೋಗ್ಯ ಸಚಿವರಿಗೆ, ಜಿಲ್ಲಾಧಿಕಾರಿಗಳಿಗೆ ತಮ್ಮ ಪತ್ರಿಕೆ ಮೂಲಕ ನನ್ನ ಬೇಡಿಕೆ ಇಷ್ಟು. ಎಷ್ಟು ಜನಕ್ಕೆ ಸೇದಿದ್ದಕ್ಕೆ ದಂಡ ಹಾಕಿದ್ವಿ ಅನ್ನೋ ಲೆಕ್ಕದ ಜೊತೆ, ಲೂಸ್ ಸಿಗರೇಟು ಮಾರಿದ್ದಕ್ಕೆ ಎಷ್ಟು ಕೇಸು, 21 ತುಂಬದೋರಿಗೆ ಮಾರಿದ್ದಕ್ಕೆ ಎಷ್ಟು ಕೇಸು, ಯಾವ ತಾಲ್ಲೂಕಲ್ಲಿ ಎಷ್ಟು ಅಂತ ಪ್ರತಿ ತಿಂಗಳು ಜಿಲ್ಲಾ ತಂಬಾಕು ನಿಯಂತ್ರಣ ಕೋಶದಿಂದ ಪ್ರಕಟ ಮಾಡ್ಲಿ. ತಾವೂ ಅದನ್ನ ಜಿಲ್ಲಾ ಪುಟದಲ್ಲಿ ಹಾಕಿ, ಸೊನ್ನೆ ಬಂದ್ರೆ ಸೊನ್ನೆ ಅಂತಲೇ ಹಾಕಿ.

ಇಂತಿ ತಮ್ಮ ಓದುಗ,
ಪಿಯು ಕಾಲೇಜು ಉಪನ್ಯಾಸಕ, ದಾವಣಗೆರೆ